ಪೇಟೆಂಟು: ಹೊಸತನ್ನು ಕಂಡುಹಿಡಿದವನ ಹಕ್ಕು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬರಿಂದ)

‘ಪೇಟೆಂಟು’ ಎಂಬ ಮಾತು ನಮ್ಮ ಆಡುನುಡಿಯಲ್ಲಿ ಬೆರೆತು ಬಹುಕಾಲವಾಯಿತು. ಸದಾ ಒಂದೇ ಮಾತನ್ನಾಡುವವನನ್ನು ಕುರಿತು ‘ಇದು ಅವನ ಪೇಟೆಂಟು ಮಾತು’ ಎಂದು ನಗುತ್ತೇವೆ. ಆದರೆ ಆ ಪದದ ಹಿಂದಿರುವ ಕಾಯಿದೆ ಯಾವುದು, ಅದು ಯಾರಿಗೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ಕೇಳಿದರೆ ಓದಿದವರೂ ತಡವರಿಸುವುದುಂಟು. ಇದು ಇಂಜಿನಿಯರಿಂಗ್ ಕಾಲೇಜಿನವರಿಗೆ ಬೇಕಾದ ವಿಷಯ, ಕಲಾವಿಭಾಗದ ನಮಗೇಕೆ ಎಂದು ಕೆಲವರು ಆಕ್ಷೇಪಿಸಬಹುದು. ನಮ್ಮಲ್ಲಿ ಅನೇಕರು ನಮ್ಮ ನಮ್ಮ ಮನೆಗಳಿಂದ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಊರಿಗೆ ಹೋದಾಗ ಪಹಣಿಯನ್ನೋ ಬ್ಯಾಂಕಿನ ನೋಟೀಸನ್ನೋ ಹಿಡಿದುಕೊಂಡು ‘ಇದರಲ್ಲಿ ಏನು ಬರೆದಿದೆ, ಸ್ವಲ್ಪ ನೋಡಿ ಹೇಳು’ ಎಂದು ಬರುವವರಿಗೆ ನಾವೇ ವಕೀಲರು, ನಾವೇ ಗುಮಾಸ್ತರು. ಅಂಥವರ ನಡುವೆ ಹೊಸದೊಂದು ಉಪಕರಣವನ್ನು ಮಾಡಿದ ಕಮ್ಮಾರನೋ ಬಡಗಿಯೋ ಇದ್ದು, ‘ಇದರ ಹಕ್ಕು ನನಗುಳಿಯಲು ಏನು ಮಾಡಬೇಕು?’ ಎಂದು ಕೇಳಿದರೆ ಬರಿಗೈಯಲ್ಲಿ ನಿಲ್ಲುವಂತಾಗಬಾರದು. ಆ ಉದ್ದೇಶದಿಂದ, ಸಾಮಾನ್ಯವಾಗಿ ಹುಟ್ಟುವ ಕೆಲವು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಹಿನ್ನೆಲೆ

ಪೇಟೆಂಟು ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ತೆರೆದಿರುವುದು’ ಎಂದು ಅದರ ಅರ್ಥ. ಹಿಂದೆ ಇಂಗ್ಲೆಂಡಿನ ದೊರೆಗಳು ಎಲ್ಲರೂ ಓದಬಹುದಾದ ತೆರೆದ ಪತ್ರಗಳ ಮೂಲಕ ವಿಶೇಷ ಹಕ್ಕುಗಳನ್ನು ದಯಪಾಲಿಸುತ್ತಿದ್ದರು. ಇಸ್ಪೀಟೆಲೆಯಂಥ ಸಾಮಾನ್ಯ ಸರಕಿನ ಏಕಸ್ವಾಮ್ಯವನ್ನೂ ತಮಗೆ ಬೇಕಾದವರಿಗೆ ಕೊಟ್ಟು ಜನರ ಅಸಮಾಧಾನ ಬೆಳೆದಾಗ, ೧೬೨೪ರಲ್ಲಿ ಅಲ್ಲಿನ ಪಾರ್ಲಿಮೆಂಟು ಅಂಥ ಏಕಸ್ವಾಮ್ಯಗಳನ್ನು ರದ್ದುಮಾಡಿತು. ಹೊಸ ತಯಾರಿಕೆಯೊಂದನ್ನು ಮೊದಲು ಕಂಡುಹಿಡಿದವನಿಗೆ ಮಾತ್ರ, ಅದೂ ೧೪ ವರ್ಷಗಳ ಮಿತಿಯೊಳಗೆ, ಆ ಹಕ್ಕನ್ನು ಉಳಿಸಿತು. ಅದಕ್ಕೂ ಮೊದಲೇ, ೧೪೭೪ರಲ್ಲಿ, ವೆನಿಸ್ ನಗರವು ಇಂಥದೊಂದು ಶಾಸನವನ್ನು ಮಾಡಿತ್ತು.

ನಮ್ಮ ದೇಶಕ್ಕೆ ಈ ಕಾಯಿದೆ ಬಂದದ್ದು ೧೮೫೬ರಲ್ಲಿ. ಆ ವರ್ಷ ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಸಿವಿಲ್ ಇಂಜಿನಿಯರು ಪಂಕ ಎಳೆಯುವ ಯಂತ್ರವೊಂದಕ್ಕಾಗಿ ಮೊದಲ ಅರ್ಜಿ ಹಾಕಿದನು. ೧೯೧೧ರ ಕಾಯಿದೆ ಸ್ವಾತಂತ್ರ್ಯಾನಂತರವೂ ನಡೆದುಬಂತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು ೧೯೫೯ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ ೧೯೭೦ರ ಪೇಟೆಂಟು ಕಾಯಿದೆ ರಚಿತವಾಗಿ, ೧೯೭೨ರ ಏಪ್ರಿಲ್ ೨೦ರಂದು ಜಾರಿಗೆ ಬಂದಿತು. ೧೯೯೯, ೨೦೦೨ ಮತ್ತು ೨೦೦೫ರಲ್ಲಿ ತಿದ್ದುಪಡಿಯಾದ ಆ ಕಾಯಿದೆಯೇ ಇಂದಿಗೂ ನಮ್ಮನ್ನು ಆಳುತ್ತಿದೆ.

ಪೇಟೆಂಟು ಒಂದು ಕೊಡುಕೊಳೆಯ ವ್ಯವಹಾರ. ಕಂಡುಹಿಡಿದವನು ತನ್ನ ಗುಟ್ಟನ್ನು ಬಚ್ಚಿಡದೆ ಲೋಕಕ್ಕೆ ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ಸರ್ಕಾರವು ನಿಯಮಿತ ಕಾಲದವರೆಗೆ ಬೇರೆಯವರು ಅದನ್ನು ಮಾಡದಂತೆ, ಮಾರದಂತೆ ತಡೆಯುವ ಹಕ್ಕನ್ನು ಅವನಿಗೆ ಕೊಡುತ್ತದೆ. ಅವಧಿ ಮುಗಿದೊಡನೆ ಅದು ಊರ ಬಾವಿಯ ನೀರಿನಂತೆ ಎಲ್ಲರದು. ಈ ತತ್ತ್ವವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಬರಿಯ ಆಲೋಚನೆಗೆ ಪೇಟೆಂಟು ದೊರೆಯುವುದೇ?

ದೊರೆಯುವುದಿಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಿತ್ತುವ ಕೂರಿಗೆಯನ್ನು ಎಲ್ಲರೂ ನೋಡಿದ್ದೇವೆ. ಬಟ್ಟಲಿಗೆ ಹಾಕಿದ ಬೀಜ ಕೊಳವೆಗಳ ಮೂಲಕ ಇಳಿದು ಸಾಲಿಗೆ ಬೀಳುತ್ತದೆ. ಕೊಳವೆಯೊಂದು ಮಣ್ಣು ಕಟ್ಟಿಕೊಂಡರೆ ಬಿತ್ತುವವನಿಗೆ ಗೊತ್ತಾಗುವುದಿಲ್ಲ. ಪೈರು ಹುಟ್ಟಿದ ಮೇಲೆ ಖಾಲಿ ಸಾಲನ್ನು ಕಂಡು ಮರುಗಬೇಕು. ‘ಬೀಜ ನಿಂತ ಕೂಡಲೇ ಗಂಟೆ ಬಾರಿಸುವ ಕೂರಿಗೆ ಇದ್ದರೆ ಎಷ್ಟು ಚೆನ್ನ!’ ಎಂದು ಒಬ್ಬನಿಗೆ ಹೊಳೆಯಿತೆನ್ನಿ. ಇದು ಆಲೋಚನೆ, ಒಳ್ಳೆಯ ಆಲೋಚನೆ; ಆದರೆ ಪೇಟೆಂಟಿಗೆ ಅರ್ಹವಲ್ಲ. ಇನ್ನೊಬ್ಬ ಕಮ್ಮಾರನು ಕೊಳವೆಯೊಳಗೆ ತೆಳುವಾದ ತಗಡಿನ ನಾಲಗೆಯೊಂದನ್ನಿಟ್ಟು, ಬೀಳುವ ಬೀಜದ ಬಡಿತದಿಂದ ಅದು ಅಲುಗುತ್ತಿರುವಂತೆಯೂ, ಬಡಿತ ನಿಂತೊಡನೆ ಸ್ಪ್ರಿಂಗೊಂದು ಸಡಿಲಿ ಗಂಟೆ ಬಾರಿಸುವಂತೆಯೂ ಏರ್ಪಡಿಸಿದನೆನ್ನೋಣ. ಈಗ ಅದು ಉಪಜ್ಞೆ. ‘ಏನು ಬೇಕು’ ಎಂಬುದಲ್ಲ, ‘ಹೇಗೆ ಆಗುತ್ತದೆ’ ಎಂಬುದೇ ಕಾಯಿದೆಗೆ ಮುಖ್ಯ. ಮಾದರಿಯನ್ನು ಮಾಡಿ ತೋರಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಆ ಕಸುಬು ಬಲ್ಲ ಬೇರೊಬ್ಬನು ಓದಿ ಮಾಡುವಷ್ಟು ಸ್ಪಷ್ಟವಾಗಿ ಬರೆದು ತಿಳಿಸಲೇಬೇಕು.

ಪರೀಕ್ಷೆಗಳು ಯಾವುವು?

ಮೂರು. ಮೊದಲನೆಯದು ನಾವೀನ್ಯ: ಅರ್ಜಿಯ ದಿನಕ್ಕೆ ಮುಂಚೆ ಅದು ಪ್ರಪಂಚದ ಯಾವ ಪುಸ್ತಕದಲ್ಲಿಯೂ, ಯಾವ ಬಳಕೆಯಲ್ಲಿಯೂ ಬಹಿರಂಗವಾಗಿರಕೂಡದು. ಎರಡನೆಯದು ಉಪಜ್ಞೆಯ ಹೆಜ್ಜೆ: ಆ ಕಸುಬು ಬಲ್ಲವನಿಗೆ ಅದು ತಾನೇ ತಾನಾಗಿ ಹೊಳೆಯುವಂಥದಾಗಿರಕೂಡದು. ಮೂರನೆಯದು ಉಪಯೋಗ: ಯಾವುದಾದರೊಂದು ಉದ್ಯಮದಲ್ಲಿ ಅದನ್ನು ತಯಾರಿಸಲು ಅಥವಾ ಬಳಸಲು ಸಾಧ್ಯವಿರಬೇಕು.

ಇವುಗಳಲ್ಲಿ ಎರಡನೆಯದೇ ಕಠಿಣವಾದ ಪರೀಕ್ಷೆ. ಇದರ ಮೇಲೆ ನಮ್ಮ ಸುಪ್ರೀಂ ಕೋರ್ಟು ೧೯೭೮ರಲ್ಲಿ ಕೊಟ್ಟ ತೀರ್ಪು ಪ್ರಸಿದ್ಧವಾದದ್ದು. ಮೊಕದ್ದಮೆ ಮಿರ್ಜಾಪುರದ ಎರಡು ಪಾತ್ರೆ ಕಾರ್ಖಾನೆಗಳ ನಡುವಿನದು: ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಮತ್ತು ಬಿಶ್ವನಾಥ ಪ್ರಸಾದ್ ರಾಧೇ ಶ್ಯಾಮ್. ಹಿತ್ತಾಳೆಯ ಮತ್ತು ಜರ್ಮನ್ ಸಿಲ್ವರ್ ಪಾತ್ರೆಗಳನ್ನು ಚರಕಿಗೆ ಹಿಡಿಸಿ ಹೊಳಪು ಕೊಡುವಾಗ ಪಾತ್ರೆ ಕಳಚಿ ಹಾರಿ ಕೆಲಸಗಾರನಿಗೆ ಪೆಟ್ಟಾಗುವ ಭಯವಿತ್ತು. ಪಾತ್ರೆಯನ್ನು ಎದುರಿನಿಂದ ಒತ್ತಿಹಿಡಿಯುವ ಏರ್ಪಾಡೊಂದಕ್ಕೆ ಮೊದಲನೆಯ ಕಾರ್ಖಾನೆ ೧೯೫೧ರ ಡಿಸೆಂಬರಿನಿಂದ ಅನ್ವಯಿಸುವಂತೆ ಪೇಟೆಂಟು ಪಡೆದಿತ್ತು. ಎರಡನೆಯ ಕಾರ್ಖಾನೆಯವರು ಅದರಂತೆಯೇ ಕೆಲಸ ನಡೆಸಿದಾಗ ವಿವಾದ ಹುಟ್ಟಿತು. ಅಲಹಾಬಾದಿನ ಹೈಕೋರ್ಟಿನ ಏಕ ನ್ಯಾಯಾಧೀಶರು ಪೇಟೆಂಟನ್ನು ರದ್ದುಮಾಡಿದರು. ಮೇಲ್ಮನವಿಯಲ್ಲಿ ಅದು ಊರ್ಜಿತವಾಯಿತು. ಕೊನೆಗೆ ಸುಪ್ರೀಂ ಕೋರ್ಟು ಅದನ್ನು ಮತ್ತೆ ರದ್ದುಪಡಿಸಿತು. ಆ ಏರ್ಪಾಡಿನಿಂದ ಪ್ರಯೋಜನವಿಲ್ಲವೆಂದು ಕೋರ್ಟು ಹೇಳಲಿಲ್ಲ. ಹಿಂದಿನಿಂದ ತಿಳಿದಿದ್ದ ಸಾಧನವನ್ನೇ ಸ್ವಲ್ಪ ಮಾರ್ಪಡಿಸಿ ಬಳಸಿದ್ದು ಕಸುಬುದಾರನ ಕೈಗೆ ಸಹಜವಾದ ಕಾರ್ಖಾನೆಯ ಸುಧಾರಣೆಯೇ ಹೊರತು ಉಪಜ್ಞೆಯಲ್ಲ ಎಂಬುದು ಅದರ ನಿರ್ಣಯದ ಸಾರ. ಇದರಿಂದ ಇನ್ನೊಂದು ಪಾಠವೂ ಉಂಟು. ಪೇಟೆಂಟು ಕೈಗೆ ಬಂದ ಮಾತ್ರಕ್ಕೆ ಅದು ಅಚಲವೆಂದು ಭಾವಿಸಕೂಡದು. ಅದರ ಸಿಂಧುತ್ವಕ್ಕೆ ಸರ್ಕಾರ ಜಾಮೀನು ಕೊಡುವುದಿಲ್ಲವೆಂದು ಕಾಯಿದೆಯೇ ಹೇಳುತ್ತದೆ.

ಯಾವುದಕ್ಕೆ ಪೇಟೆಂಟು ಇಲ್ಲವೇ ಇಲ್ಲ?

ಕಾಯಿದೆಯ ೩ನೆಯ ಪ್ರಕರಣದಲ್ಲಿ ಇದರ ಪಟ್ಟಿಯಿದೆ. ಶಕ್ತಿಯ ಪೂರೈಕೆಯಿಲ್ಲದೆ ಸದಾ ತಿರುಗುವ ಯಂತ್ರದಂತೆ ಪ್ರಕೃತಿ ನಿಯಮಕ್ಕೆ ವಿರುದ್ಧವಾದದ್ದಕ್ಕೆ ಇಲ್ಲ. ವೈಜ್ಞಾನಿಕ ತತ್ತ್ವಗಳಿಗೆ, ಗಣಿತದ ವಿಧಾನಗಳಿಗೆ, ವ್ಯಾಪಾರದ ಪದ್ಧತಿಗಳಿಗೆ, ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ, ಆಟದ ನಿಯಮಗಳಿಗೆ ಇಲ್ಲ. ರೋಗಿಗೆ ಚಿಕಿತ್ಸೆ ಮಾಡುವ ವಿಧಾನಕ್ಕೆ ಇಲ್ಲ. ಸಸ್ಯ, ಪ್ರಾಣಿ, ಬೀಜಗಳಿಗೆ ಇಲ್ಲ. ಪರಂಪರೆಯಿಂದ ಬಂದ ತಿಳಿವಳಿಕೆಗೆ ಇಲ್ಲ. ಅಣುಶಕ್ತಿಗೆ ಸಂಬಂಧಿಸಿದ ಉಪಜ್ಞೆಗಳಿಗೆ ೪ನೆಯ ಪ್ರಕರಣದ ನಿರ್ಬಂಧವಿದೆ.

ಬೇಸಾಯದ ವಿಧಾನಗಳಿಗೂ ಪೇಟೆಂಟು ಇಲ್ಲ. ಸಾಲುಗಳ ನಡುವೆ ಇಂತಿಷ್ಟು ಅಂತರವಿಟ್ಟು ಬಿತ್ತಿದರೆ ಫಸಲು ಹೆಚ್ಚೆಂದು ಕಂಡುಕೊಂಡವನು ರೈತರ ಕೃತಜ್ಞತೆಗೆ ಪಾತ್ರನು, ಪೇಟೆಂಟಿಗಲ್ಲ. ಆದರೆ ಬಿತ್ತುವ ಉಪಕರಣಕ್ಕೆ ಈ ನಿಷೇಧ ತಟ್ಟದು. ನಮ್ಮ ಗಂಟೆಯ ಕೂರಿಗೆ ಉಳಿಯಿತು. ಹಾಗೆಯೇ ತಿಳಿದ ವಸ್ತುಗಳನ್ನು ಸುಮ್ಮನೆ ಒಟ್ಟಿಗೆ ಜೋಡಿಸಿದರೆ ಸಾಲದು. ಕೂರಿಗೆಗೆ ಒಂದು ಕೊಡೆಯನ್ನು ಕಟ್ಟಿದರೆ ಕೂರಿಗೆ ಬಿತ್ತುತ್ತದೆ, ಕೊಡೆ ನೆರಳು ಕೊಡುತ್ತದೆ. ಒಂದರಿಂದ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಅಂಥದು ಉಪಜ್ಞೆಯಲ್ಲ.

ಈಗಾಗಲೇ ನಾಲ್ಕು ಜನರಿಗೆ ತೋರಿಸಿಬಿಟ್ಟರೆ?

ಎಲ್ಲಕ್ಕಿಂತ ಹೆಚ್ಚು ಜನ ಮುಗ್ಗರಿಸುವುದು ಇಲ್ಲಿಯೇ. ಹೊಸದನ್ನು ಮಾಡಿದವನಿಗೆ ಅದನ್ನು ತೋರಿಸುವ ಹಂಬಲ ಸಹಜ. ಜಾತ್ರೆಯಲ್ಲಿ ಇಡುತ್ತಾನೆ, ವಿಜ್ಞಾನ ಮೇಳಕ್ಕೆ ಒಯ್ಯುತ್ತಾನೆ, ಪತ್ರಿಕೆಯವರು ಬಂದರೆ ಒಳಗಿನ ಸ್ಪ್ರಿಂಗನ್ನೂ ಬಿಚ್ಚಿ ತೋರಿಸುತ್ತಾನೆ, ಮೊಬೈಲಿನಲ್ಲಿ ಅದರ ವಿಡಿಯೋ ಊರೂರು ಸುತ್ತುತ್ತದೆ. ಆ ಮೇಲೆ ಅರ್ಜಿ ಹಾಕಿದರೆ ಅವನ ಸ್ವಂತ ಪ್ರದರ್ಶನವೇ ಅವನಿಗೆ ಎದುರು ಸಾಕ್ಷಿಯಾಗುತ್ತದೆ. ಕೇಂದ್ರ ಸರ್ಕಾರವು ಗೆಜೆಟ್ಟಿನಲ್ಲಿ ಪ್ರಕಟಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದರೆ, ಅಥವಾ ವಿದ್ವತ್ಸಭೆಯಲ್ಲಿ ಪ್ರಬಂಧವಾಗಿ ಓದಿದ್ದರೆ ೧೨ ತಿಂಗಳೊಳಗೆ ಅರ್ಜಿ ಹಾಕಲು ಅವಕಾಶವುಂಟು. ಬಹಿರಂಗವಾಗಿಯಲ್ಲದೆ ಪರೀಕ್ಷಿಸಲು ಸಾಧ್ಯವೇ ಇಲ್ಲದ ವಸ್ತುವನ್ನು ಯೋಗ್ಯ ಪರೀಕ್ಷೆಗಾಗಿ ಮಾತ್ರ ಬಳಸಿದ್ದರೂ ಒಂದು ವರ್ಷದ ರಿಯಾಯಿತಿಯುಂಟು. ಹೊಲದಲ್ಲಿ ಕೂರಿಗೆ ಹೂಡಿ ನೋಡದೆ ಗತ್ಯಂತರವಿಲ್ಲವಷ್ಟೆ. ಆದರೆ ಇವು ಕಿರಿದಾದ ಬಾಗಿಲುಗಳು. ಎಲ್ಲ ಮೇಳಗಳೂ, ಎಲ್ಲ ಸಭೆಗಳೂ ಇವುಗಳೊಳಗೆ ಬರಲಾರವು. ‘ಮೊದಲು ಅರ್ಜಿ, ಅನಂತರ ಪ್ರದರ್ಶನ’ ಎಂಬುದೇ ಕ್ಷೇಮದ ಮಾರ್ಗ. ಅರ್ಜಿಗೆ ಮುಂಚೆ ಯಾರಿಗಾದರೂ ಹೇಳಲೇಬೇಕಾದರೆ, ಗುಟ್ಟನ್ನು ಕಾಪಾಡುವುದಾಗಿ ಅವರಿಂದ ಬರೆಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಹೇಳಬೇಕು. ವಿವರವನ್ನೆಲ್ಲ ಬರೆದು ಲಕೋಟೆಯಲ್ಲಿಟ್ಟು ತನಗೆ ತಾನೇ ಅಂಚೆಯಲ್ಲಿ ಕಳಿಸಿಕೊಂಡು, ಒಡೆಯದೆ ಇಟ್ಟುಕೊಂಡರೆ ಅದೇ ಪೇಟೆಂಟಿಗೆ ಸಮ ಎಂದು ಕೆಲವರು ತಿಳಿದಿದ್ದಾರೆ. ಅಂಥ ಲಕೋಟೆಯಿಂದ ಪೇಟೆಂಟಿನ ಯಾವ ಹಕ್ಕೂ ಹುಟ್ಟುವುದಿಲ್ಲ. ಇಬ್ಬರು ಸ್ವತಂತ್ರವಾಗಿ ಒಂದನ್ನೇ ಕಂಡುಹಿಡಿದಿದ್ದರೆ, ಯಾರು ಮೊದಲು ಅರ್ಜಿ ಸಲ್ಲಿಸಿದರೋ ಅವರದೇ ಮೇಲುಗೈ.

ಅರ್ಜಿ ಹಾಕಲು ಯಾರು ಅರ್ಹರು?

ನಿಜವಾದ ಮೊದಲ ಉಪಜ್ಞಕಾರ, ಅವನಿಂದ ಹಕ್ಕನ್ನು ಬರೆಸಿಕೊಂಡವರು, ಅವನು ಗತಿಸಿದ್ದರೆ ಅವನ ವಾರಸುದಾರರು. ವಿದ್ಯಾರ್ಹತೆಯ ನಿರ್ಬಂಧವಿಲ್ಲ. ಹಣ ಹಾಕಿದವನು ಹಣ ಹಾಕಿದ ಮಾತ್ರಕ್ಕೆ ಉಪಜ್ಞಕಾರನಾಗುವುದಿಲ್ಲ. ಅವನಿಗೆ ಹಕ್ಕು ಬರಬೇಕಾದರೆ ಬರೆದುಕೊಟ್ಟ ಪತ್ರ ಬೇಕು. ಆದಕಾರಣ ಬಡ ಕಸುಬುದಾರನು ಸಾಲ ಕೊಟ್ಟವರು ಮುಂದಿಟ್ಟ ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುವ ಮುನ್ನ ಬಲ್ಲವರಿಂದ ಅದನ್ನು ಓದಿಸಿಕೊಳ್ಳಬೇಕು. ಕಾರ್ಖಾನೆಯ ನೌಕರನು ಕಂಡುಹಿಡಿದದ್ದು ಯಾರಿಗೆ ಸೇರಬೇಕೆಂಬುದನ್ನು ಸಾಮಾನ್ಯವಾಗಿ ನೌಕರಿಯ ಕರಾರೇ ನಿರ್ಣಯಿಸುತ್ತದೆ. ಇಬ್ಬರು ಕೂಡಿ ಪೇಟೆಂಟು ಪಡೆದರೆ, ಬೇರೆ ಒಪ್ಪಂದವಿಲ್ಲದಿರುವಾಗ ಇಬ್ಬರಿಗೂ ಸಮಪಾಲು. ಒಬ್ಬನು ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಮೂರನೆಯವನಿಗೆ ಲೈಸೆನ್ಸು ಕೊಡುವಂತಿಲ್ಲ.

ಎಲ್ಲಿ, ಹೇಗೆ, ಎಷ್ಟು ಖರ್ಚು?

ಪೇಟೆಂಟು ಕಚೇರಿಯ ಕೇಂದ್ರ ಕೋಲ್ಕತ್ತದಲ್ಲಿದೆ. ದೆಹಲಿ, ಮುಂಬಯಿ, ಚೆನ್ನೈಗಳಲ್ಲಿ ಶಾಖೆಗಳಿವೆ. ಕರ್ನಾಟಕವು ಚೆನ್ನೈ ಶಾಖೆಗೆ ಸೇರಿದೆ. ಕಂಪ್ಯೂಟರಿನ ಮೂಲಕವೂ ಅರ್ಜಿ ಹಾಕಬಹುದಾದ್ದರಿಂದ ಪ್ರಯಾಣದ ಅಗತ್ಯ ಬಹಳ ಕಡಿಮೆಯಾಗಿದೆ.

ಕೆಲಸ ಪೂರ್ತಿಯಾಗದಿದ್ದರೆ ಮೊದಲು ತಾತ್ಕಾಲಿಕ ವಿವರಣ ಪತ್ರವನ್ನು ಸಲ್ಲಿಸಿ ದಿನಾಂಕವನ್ನು ಭದ್ರಪಡಿಸಿಕೊಳ್ಳಬಹುದು. ಅಲ್ಲಿಂದ ೧೨ ತಿಂಗಳೊಳಗೆ ಸಂಪೂರ್ಣ ವಿವರಣ ಪತ್ರ ಹೋಗದಿದ್ದರೆ ಅರ್ಜಿಯನ್ನು ಕೈಬಿಟ್ಟಂತಾಗುತ್ತದೆ. ಸಾಧಾರಣವಾಗಿ ೧೮ ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಅದಕ್ಕೆ ಬೇರೆಯಾಗಿಯೇ ಕೋರಿಕೆ ಸಲ್ಲಿಸಬೇಕು. ೨೦೨೪ರ ತಿದ್ದುಪಡಿಯಂತೆ ಇದಕ್ಕೆ ೩೧ ತಿಂಗಳ ಗಡುವು. ಇದನ್ನರಿಯದೆ ‘ಅರ್ಜಿ ಹಾಕಿದ್ದೇನೆ, ಸರ್ಕಾರದಿಂದ ಉತ್ತರ ಬರಲಿ’ ಎಂದು ಕಾದುಕುಳಿತವರ ಅರ್ಜಿ ವ್ಯರ್ಥವಾಗುತ್ತದೆ. ಪರೀಕ್ಷಕರು ಎತ್ತಿದ ಆಕ್ಷೇಪಗಳಿಗೆ ಆರು ತಿಂಗಳೊಳಗೆ ಸಮಾಧಾನ ಹೇಳಬೇಕು. ಪೇಟೆಂಟು ಕೊಡುವ ಮುನ್ನ ಯಾರು ಬೇಕಾದರೂ ವಿರೋಧ ಸೂಚಿಸಬಹುದು. ಕೊಟ್ಟ ಮೇಲೂ ಒಂದು ವರ್ಷದವರೆಗೆ ಹಿತಾಸಕ್ತಿಯುಳ್ಳವರಿಗೆ ಆ ಅವಕಾಶವಿದೆ.

ಖರ್ಚಿನ ಮಾತು. ವ್ಯಕ್ತಿಯೊಬ್ಬನು ಕಂಪ್ಯೂಟರಿನ ಮೂಲಕ ಸಲ್ಲಿಸುವ ಸಾಮಾನ್ಯ ಗಾತ್ರದ ಅರ್ಜಿಗೆ ೧,೬೦೦ ರೂಪಾಯಿ, ಪರೀಕ್ಷೆಯ ಕೋರಿಕೆಗೆ ೪,೦೦೦ ರೂಪಾಯಿ. ಮೂರನೆಯ ವರ್ಷದಿಂದ ವಾರ್ಷಿಕ ಶುಲ್ಕವುಂಟು: ಆರನೆಯ ವರ್ಷದವರೆಗೆ ೮೦೦, ಹತ್ತರವರೆಗೆ ೨,೪೦೦, ಹದಿನೈದರವರೆಗೆ ೪,೮೦೦, ಇಪ್ಪತ್ತರವರೆಗೆ ೮,೦೦೦. ಎಲ್ಲವನ್ನೂ ಕೂಡಿದರೆ ವಾರ್ಷಿಕ ಶುಲ್ಕವೇ ೭೬,೮೦೦ ರೂಪಾಯಿ. ಉಪಕರಣದಿಂದ ಹಣ ಬಾರದಿದ್ದರೆ ನಡುವೆ ಕಟ್ಟುವುದನ್ನು ನಿಲ್ಲಿಸಬಹುದು. ಹಕ್ಕು ಅಲ್ಲಿಗೆ ಮುಗಿಯುತ್ತದೆ. ಸ್ವತಃ ಅರ್ಜಿ ಹಾಕಲು ಕಾಯಿದೆಯ ಅಡ್ಡಿಯಿಲ್ಲ. ಆದರೆ ವಿವರಣ ಪತ್ರದ ಕೊನೆಯಲ್ಲಿ ಬರುವ ‘ಕ್ಲೇಮು’ಗಳೇ ಪೇಟೆಂಟಿನ ಜೀವ. ಹೊಲಕ್ಕೆ ಬದುವಿದ್ದಂತೆ ಹಕ್ಕಿಗೆ ಕ್ಲೇಮು. ‘ತಗಡಿನ ನಾಲಗೆ’ ಎಂದಷ್ಟೇ ಬರೆದರೆ ಪಕ್ಕದೂರಿನವನು ಮರದ ನಾಲಗೆ ಮಾಡಿ ತಪ್ಪಿಸಿಕೊಳ್ಳಲು ನೋಡುತ್ತಾನೆ. ‘ಬೀಜ ನಿಂತರೆ ಸದ್ದು ಮಾಡುವ ಯಾವುದೇ ಸಾಧನ’ ಎಂದು ಬರೆದರೆ ಪರೀಕ್ಷಕರು ಒಪ್ಪಲಾರರು. ಆದ್ದರಿಂದಲೇ ಜನರು ಪೇಟೆಂಟು ಏಜೆಂಟರ ನೆರವು ಪಡೆಯುತ್ತಾರೆ. ಅವರ ಸಂಭಾವನೆ ಸರ್ಕಾರದ ಶುಲ್ಕಕ್ಕಿಂತ ಅನೇಕ ಪಟ್ಟು ಆಗುವುದುಂಟು. ಹಳ್ಳಿಗಾಡಿನ ಉಪಜ್ಞಕಾರರಿಗೆ ನೆರವಾಗಲೆಂದು ೨೦೦೦ದಲ್ಲಿ ಗುಜರಾತಿನಲ್ಲಿ ‘ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್’ ಎಂಬ ಸಂಸ್ಥೆ ಸ್ಥಾಪಿತವಾಗಿದೆ.

ಪೇಟೆಂಟಿನಿಂದ ಏನು ಬರುತ್ತದೆ?

ಅರ್ಜಿಯ ದಿನದಿಂದ ೨೦ ವರ್ಷ ಬೇರೆಯವರನ್ನು ತಡೆಯುವ ಹಕ್ಕು ಬರುತ್ತದೆ. ಕಳ್ಳತನವಾದರೆ ಪೋಲೀಸರು ಬರುವಂತೆ ಇಲ್ಲಿ ಯಾರೂ ಬರುವುದಿಲ್ಲ. ನಕಲು ಮಾಡಿದವನ ಮೇಲೆ ಪೇಟೆಂಟುದಾರನೇ ಜಿಲ್ಲಾ ನ್ಯಾಯಾಲಯದಲ್ಲಿಯೋ ಅದಕ್ಕೆ ಮೇಲ್ಪಟ್ಟ ನ್ಯಾಯಾಲಯದಲ್ಲಿಯೋ ದಾವೆ ಹೂಡಬೇಕು. ಪೇಟೆಂಟು ಮಂಜೂರಾಗುವವರೆಗೆ ಅದೂ ಸಾಧ್ಯವಿಲ್ಲ. ಹಕ್ಕನ್ನು ಮಾರಬಹುದು, ಲೈಸೆನ್ಸು ಕೊಟ್ಟು ರಾಯಲ್ಟಿ ಪಡೆಯಬಹುದು. ಭಾರತದ ಪೇಟೆಂಟು ಭಾರತಕ್ಕೆ ಮಾತ್ರ. ಇಡೀ ಪ್ರಪಂಚಕ್ಕೆ ಒಂದೇ ಪೇಟೆಂಟು ಎಂಬುದಿಲ್ಲ. ಹೊರದೇಶದಲ್ಲಿ ಬೇಕಾದವರು ಸಾಮಾನ್ಯವಾಗಿ ೧೨ ತಿಂಗಳೊಳಗೆ ಕ್ರಮ ಕೈಗೊಳ್ಳಬೇಕು; ಇಲ್ಲಿ ವಾಸಿಸುವವನು ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಳೆಯದೆ, ಅಥವಾ ಅನುಮತಿ ಪಡೆಯದೆ, ಹೊರಗೆ ಅರ್ಜಿ ಹಾಕಕೂಡದು.

ಈ ಏಕಸ್ವಾಮ್ಯ ನ್ಯಾಯವೇ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ ಇದು. ಏಕಸ್ವಾಮ್ಯವು ಬೆಲೆಯನ್ನು ಏರಿಸುತ್ತದೆಂದು ನಾವು ತರಗತಿಯಲ್ಲಿ ಓದಿದ್ದೇವೆ. ಈ ಕಾರಣದಿಂದಲೇ ೧೯೭೦ರ ಕಾಯಿದೆ ಔಷಧ ಮತ್ತು ಆಹಾರ ವಸ್ತುಗಳಿಗೆ ಪೇಟೆಂಟು ನಿರಾಕರಿಸಿ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತ್ತು. ನಮ್ಮ ದೇಶದ ಔಷಧೋದ್ಯಮ ಬೆಳೆದದ್ದು ಈ ಆಸರೆಯಲ್ಲಿ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ ೨೦೦೫ರ ಜನವರಿ ೧ರಿಂದ ಔಷಧ ವಸ್ತುವಿಗೂ ಪೇಟೆಂಟು ಬಂದಿತು. ಆದರೂ ಕಾಯಿದೆ ಜನಹಿತಕ್ಕೆ ಬೇಲಿ ಹಾಕಿದೆ. ಹಳೆಯ ಔಷಧದ ಹೊಸ ರೂಪಕ್ಕೆ, ಅದರ ಗುಣ ಹೆಚ್ಚಿದ್ದಲ್ಲದೆ, ಪೇಟೆಂಟು ಇಲ್ಲ. ನೋವಾರ್ಟಿಸ್ ಕಂಪನಿಯ ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧದ ಮೊಕದ್ದಮೆಯಲ್ಲಿ ೨೦೧೩ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಬೆಲೆ ಜನರ ಕೈಗೆಟುಕದಿದ್ದರೆ ಕಡ್ಡಾಯ ಲೈಸೆನ್ಸು ಕೊಡಬಹುದು. ಬೇಯರ್ ಕಂಪನಿಯ ನೆಕ್ಸಾವರ್ ಔಷಧಕ್ಕೆ ತಿಂಗಳಿಗೆ ಸುಮಾರು ೨ ಲಕ್ಷ ೮೦ ಸಾವಿರ ರೂಪಾಯಿ ಆಗುತ್ತಿದ್ದಾಗ, ಅದನ್ನು ೮,೮೮೦ ರೂಪಾಯಿಗೆ ಮಾರಲು ನ್ಯಾಟ್ಕೊ ಕಂಪನಿಗೆ ೨೦೧೨ರಲ್ಲಿ ಅಂಥ ಲೈಸೆನ್ಸು ದೊರೆಯಿತು.

ಬೇರೆ ಕಾಯಿದೆಗಳು

ಪೇಟೆಂಟು ಸಲ್ಲದೆಡೆ ಬೇರೆ ರಕ್ಷಣೆ ಇರುವುದುಂಟು. ಕಥೆ, ಕವಿತೆ, ಪ್ರೋಗ್ರಾಮುಗಳಿಗೆ ೧೯೫೭ರ ಕೃತಿಸ್ವಾಮ್ಯ ಕಾಯಿದೆ; ವಸ್ತುವಿನ ಹೊರ ಆಕಾರಕ್ಕೆ ೨೦೦೦ದ ವಿನ್ಯಾಸ ಕಾಯಿದೆ; ಹೆಸರಿಗೆ, ಗುರುತಿಗೆ ೧೯೯೯ರ ಟ್ರೇಡ್‌ಮಾರ್ಕ್ ಕಾಯಿದೆ; ರೈತನು ಬೆಳೆಸಿದ ಹೊಸ ತಳಿಗೆ ೨೦೦೧ರ ಸಸ್ಯತಳಿ ಕಾಯಿದೆ. ಮೈಸೂರು ರೇಷ್ಮೆ, ಇಳಕಲ್ಲಿನ ಸೀರೆ, ಚನ್ನಪಟ್ಟಣದ ಬೊಂಬೆಗಳಿಗೆ ಇರುವುದು ಪೇಟೆಂಟಲ್ಲ, ಊರಿನ ಹೆಸರನ್ನು ಕಾಯುವ ಭೌಗೋಳಿಕ ಗುರುತು.

ಕಲಾವಿಭಾಗದ ನಮಗೇಕೆ?

ಪೇಟೆಂಟು ಏಜೆಂಟರಾಗಲು ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ ಬೇಕೆಂದು ಕಾಯಿದೆ ಹೇಳುತ್ತದೆ, ಬಿ. ಎ. ಪದವೀಧರರಿಗೆ ಆ ಬಾಗಿಲು ಮುಚ್ಚಿದೆ. ಆದರೆ ಇನ್ನೊಂದು ನಿಯಮವನ್ನೂ ನೋಡಿರಿ. ಪೇಟೆಂಟು ಕಚೇರಿಗೆ ಹೋಗುವ ಕಾಗದಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡವೊಂದನ್ನೇ ಬಲ್ಲ ಕಮ್ಮಾರನ ಉಪಜ್ಞೆ ಎಷ್ಟೇ ಅಪೂರ್ವವಾಗಿದ್ದರೂ, ಅವನ ನುಡಿಯಲ್ಲಿ ಅದು ಆ ಕಚೇರಿಯ ಹೊಸಿಲು ದಾಟದು. ಅವನ ಮಾತನ್ನು ತಾಳ್ಮೆಯಿಂದ ಕೇಳಿ, ಪ್ರತಿಯೊಂದು ಭಾಗಕ್ಕೂ ಸರಿಯಾದ ಹೆಸರಿಟ್ಟು, ಅರ್ಥ ಕೆಡದಂತೆ ಇನ್ನೊಂದು ಭಾಷೆಗೆ ತರಬಲ್ಲವರು ಬೇಕು. ಇದು ಭಾಷೆಯನ್ನು ಓದಿದವರ ಕೆಲಸವಲ್ಲವೆ?

ಹಳೆಯ ಗ್ರಂಥಗಳನ್ನು ಓದುವವರಿಗೂ ಇಲ್ಲಿ ಕೆಲಸವುಂಟು. ಗಾಯಕ್ಕೆ ಅರಿಶಿನ ಹಚ್ಚುವ ಉಪಾಯಕ್ಕೆ ಅಮೆರಿಕದಲ್ಲಿ ೧೯೯೫ರಲ್ಲಿ ಪೇಟೆಂಟು ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿಯವರು ಸಂಸ್ಕೃತ ಗ್ರಂಥಗಳ ಮತ್ತು ೧೯೫೩ರ ಒಂದು ವೈದ್ಯಕೀಯ ಲೇಖನದ ಆಧಾರ ತೋರಿಸಿ, ಇದು ಹೊಸದಲ್ಲವೆಂದು ವಾದಿಸಿದ ಮೇಲೆ ೧೯೯೭ರಲ್ಲಿ ಅದು ರದ್ದಾಯಿತು. ಅಜ್ಜಿಗೆ ಗೊತ್ತಿದ್ದರೆ ಸಾಲದು, ಬರಹದಲ್ಲಿ ಇರಬೇಕು ಎಂಬ ಪಾಠವನ್ನು ದೇಶ ಆಗ ಕಲಿಯಿತು. ೨೦೦೧ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಭಂಡಾರಕ್ಕಾಗಿ ಸಂಸ್ಕೃತ, ಅರಬ್ಬಿ, ಪಾರಸಿ, ತಮಿಳು ಮೊದಲಾದ ಭಾಷೆಗಳ ಗ್ರಂಥಗಳ ಸಾರವನ್ನು ವಿದೇಶಿ ಭಾಷೆಗಳಿಗೆ ತಂದು, ಅಲ್ಲಿನ ಪೇಟೆಂಟು ಪರೀಕ್ಷಕರ ಮುಂದಿಡಲಾಗಿದೆ.

ಮುಂದಿನ ರಜೆಯಲ್ಲಿ ಊರಿಗೆ ಹೋಗುವ ಮಿತ್ರರು ಕುಲುಮೆಯ ಮುಂದೆ, ಮಗ್ಗದ ಮನೆಯಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಲಿ. ಅಲ್ಲಿ ಹೊಸತೇನಾದರೂ ಕಂಡರೆ ಮೊದಲು ಆ ಕಸುಬುದಾರನನ್ನು ಕೇಳಲಿ: ‘ಇದನ್ನು ಯಾರಿಗಾದರೂ ತೋರಿಸಿದ್ದೀರಾ? ಬರೆದಿಟ್ಟಿದ್ದೀರಾ?’ ಬರೆದಿಟ್ಟಿಲ್ಲವೆಂದರೆ, ಬರೆಯುವ ಕೆಲಸವನ್ನು ತಾವೇ ವಹಿಸಿಕೊಳ್ಳಲಿ.